ನೈಲ್ ನದಿಗೆ ಹಾಯಿದೋಣಿಯೋ, ಕ್ರೂಸ್ ಹಡಗೋ? ಗಂಗಾವತಿಯ ಟೀಚರ್ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಗಂಗಾವತಿಯವಳು. ಹೋದ ವರ್ಷ ಶಾಲೆಯಿಂದ ನಿವೃತ್ತಿಯಾದೆ. ಡಿಸೆಂಬರ್ ಕೊನೆಗೆ ಐದು ಜನ ಈಜಿಪ್ಟ್‌ಗೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನ್ರು (67 ವರ್ಷ, ಶುಗರ್ ಇದೆ, ರಾತ್ರಿ ಎರಡು ಮೂರು ಸಲ ಏಳುತ್ತಾರೆ), ನನ್ನ ಅಕ್ಕ (70 ವರ್ಷ, ಎರಡೂ ಮಂಡಿ ಆಪರೇಷನ್ ಆಗಿದೆ), ಮಗಳು ಮತ್ತು ಅಳಿಯ. ಲಕ್ಸರ್ ಮತ್ತು ಅಸ್ವಾನ್ ಊರುಗಳ ನಡುವೆ ನದಿಯಲ್ಲೇ ಹೋಗಬೇಕು ಅನ್ನೋದು ಎಲ್ಲರ ಆಸೆ. ಮಗಳು, ಅಳಿಯ ಫೆಲುಕ್ಕಾ ಅನ್ನುವ ಹಾಯಿದೋಣಿಯೇ ಬೇಕು ಅಂತಾರೆ. "ಕ್ರೂಸ್ ಅಂದ್ರೆ ನೀರಿನ ಮೇಲಿನ ಲಾಡ್ಜ್, ಅದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು" ಅನ್ನೋದು ಮಗಳ ವಾದ. ಯಜಮಾನ್ರಿಗೆ ದೋಣಿ ಮಗುಚಿದರೆ, ಮೊಸಳೆ ಇದ್ದರೆ ಅನ್ನೋ ಭಯ. ಆನೆಗೊಂದಿಯಲ್ಲಿ ಹರಿಗೋಲು ಹತ್ತಿ ಹೊಳೆ ದಾಟಿದವರು ನಾವು, ಆದರೂ ಇಬ್ಬರಿಗೂ ಈಜು ಬರಲ್ಲ. ಶುದ್ಧ ಸಸ್ಯಾಹಾರಿಗಳು. ಯಾವುದನ್ನು ಆರಿಸಬೇಕು? ಖರ್ಚು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ, ಪ್ರವಾಸ ಮಾತ್ರ ಕೆಡಬಾರದು.

ಉತ್ತರ: ನಮಸ್ಕಾರ ಮೇಡಂ. ಬಳ್ಳಾರಿಯಲ್ಲಿ ಕೂತು ಈ ಕಡೆಯ ಕುಟುಂಬಗಳಿಗೆ ಹೊರದೇಶದ ಪ್ರವಾಸ ಹೊಂದಿಸಿಕೊಡುವುದು ನನ್ನ ಕೆಲಸ. ಈಜಿಪ್ಟ್‌ಗೆ ಗುಂಪಿನ ಜೊತೆ ನಾನೂ ಹೋಗುತ್ತಿರುತ್ತೇನೆ. ನಿಮ್ಮ ಪತ್ರದಲ್ಲಿ ಎಲ್ಲರೂ ಚರ್ಚೆ ಮಾಡುತ್ತಿರುವುದು ಮೊಸಳೆ, ಮುಳುಗಡೆ, ಲಾಡ್ಜು. ಆದರೆ ನಿಮ್ಮ ಮನೆಯ ಮಟ್ಟಿಗೆ ಎಲ್ಲವನ್ನೂ ನಿರ್ಧರಿಸುವ ಮಾತು ಬ್ರಾಕೆಟ್ಟಿನೊಳಗಿದೆ. ಯಜಮಾನ್ರು ರಾತ್ರಿ ಎರಡು ಮೂರು ಸಲ ಏಳುತ್ತಾರೆ. ಅಕ್ಕನ ಮಂಡಿ ಆಪರೇಷನ್ ಆಗಿದೆ. ಹಗಲಿನ ಹಾಯಿದೋಣಿ ನಿಮ್ಮೆಲ್ಲರಿಗೂ ಆಗುತ್ತದೆ. ರಾತ್ರಿಯ ಹಾಯಿದೋಣಿ ನಿಮ್ಮಲ್ಲಿ ಇಬ್ಬರಿಗೆ ಮಾತ್ರ ಆಗುತ್ತದೆ. ನನ್ನ ಉತ್ತರ ಇಷ್ಟೇ. ಕಾರಣ ಬಿಡಿಸಿ ಹೇಳುತ್ತೇನೆ, ಮಗಳಿಗೂ ಓದಿ ಹೇಳಿ.

ಮೊದಲು ಯಜಮಾನ್ರ ಭಯ. ಈಜಿಪ್ಟಿನ ಮೊಸಳೆಗಳು ಇರುವುದು ನಾಸರ್ ಸರೋವರದಲ್ಲಿ. ಅದು ಅಸ್ವಾನ್‌ನ ಹೈ ಡ್ಯಾಂ ಹಿಂದೆ ನಿಂತ ನೀರು. ನೀವು ಓಡಾಡುವುದು ಆ ಅಣೆಕಟ್ಟಿನ ಕೆಳಗಡೆ. ಅಲ್ಲಿ ಮೊಸಳೆ ಕಾಣುವುದು ತೀರಾ ಅಪರೂಪ. ಯಜಮಾನ್ರಿಗೆ ಮೊಸಳೆ ನೋಡಲೇಬೇಕು ಅಂದರೆ ದಾರಿಯಲ್ಲಿ ಕೋಮ್ ಒಂಬೋ ಅನ್ನುವ ಊರು ಸಿಗುತ್ತದೆ. ಮೊಸಳೆ ಮುಖದ ಸೋಬೆಕ್ ದೇವರ ಗುಡಿ ಅಲ್ಲಿದೆ. ಸಾವಿರಾರು ವರ್ಷದ ಹಿಂದೆ ಬಟ್ಟೆ ಸುತ್ತಿ ಮಮ್ಮಿ ಮಾಡಿಟ್ಟ ಮೊಸಳೆಗಳನ್ನು ಪಕ್ಕದ ಮ್ಯೂಸಿಯಂನಲ್ಲಿ ಸಾಲಾಗಿ ಇಟ್ಟಿದ್ದಾರೆ. ತುಂಬಾ ಚೆನ್ನಾಗಿದೆ, ತಪ್ಪಿಸಬೇಡಿ.

ಮಗುಚುವ ಮಾತಿಗೆ ಬರೋಣ. ನೀವು ಬೆಳೆದ ತುಂಗಭದ್ರೆ ಬೇರೆ ಸ್ವಭಾವದ ಹೊಳೆ. ಆನೆಗೊಂದಿ, ಹಂಪಿ ಹತ್ತಿರ ಬಂಡೆಗಳ ನಡುವೆ ನುಗ್ಗುತ್ತದೆ, ಸುಳಿ ಇದೆ. ಟಿ.ಬಿ. ಡ್ಯಾಂ ಗೇಟ್ ತೆಗೆದರೆ ಹರಿಗೋಲು ಹಾಕುವುದನ್ನೇ ನಿಲ್ಲಿಸುತ್ತಾರೆ. ಅಸ್ವಾನ್ ಕೆಳಗಿನ ನೈಲ್ ಹಾಗಲ್ಲ. ಅಸ್ವಾನ್ ಊರ ಹತ್ತಿರ ಕರಿಕಲ್ಲಿನ ಬಂಡೆಗಳಿವೆ. ಅದು ದಾಟಿದರೆ ಹೊಳೆ ಅಗಲ, ಹರಿವು ನಿಧಾನ. 1970ರಲ್ಲಿ ಹೈ ಡ್ಯಾಂ ಮುಗಿದ ಮೇಲೆ ವರ್ಷ ವರ್ಷ ಬರುತ್ತಿದ್ದ ಪ್ರವಾಹವೂ ನಿಂತಿತು. ಈಗ ಎಷ್ಟು ನೀರು ಬಿಡಬೇಕು ಅನ್ನುವುದು ಮನುಷ್ಯರ ಕೈಯಲ್ಲಿದೆ. ಫೆಲುಕ್ಕಾ ಕೂಡ ಅಗಲ ಹೊಟ್ಟೆಯ ದೋಣಿ. ನಡುವಿನಲ್ಲಿ ನೀರಿಗೆ ಇಳಿಬಿಡುವ ಒಂದು ದಪ್ಪ ಹಲಗೆ ಇರುತ್ತದೆ, ಅದು ದೋಣಿ ಪಕ್ಕಕ್ಕೆ ಜಾರದಂತೆ ಹಿಡಿಯುತ್ತದೆ. ಗಾಳಿ ತುಂಬಿದಾಗ ದೋಣಿ ಒಂದು ಕಡೆ ವಾಲುತ್ತದೆ, ಹೊಸಬರಿಗೆ ಎದೆ ಧಸಕ್ ಅನ್ನುತ್ತದೆ. ವಾಲುವುದು ಅದರ ನಡಿಗೆ. ಅಷ್ಟಕ್ಕೇ ಮಗುಚುವುದಿಲ್ಲ.

ಹಾಗಂತ ಅಪಾಯವೇ ಇಲ್ಲ ಅಂತ ನಾನು ಹೇಳಲ್ಲ. ಒಮ್ಮೆಲೇ ಜೋರು ಗಾಳಿ ಬಂದರೆ, ಜನ ಜಾಸ್ತಿ ತುಂಬಿದ್ದರೆ, ದೊಡ್ಡ ಹಡಗು ಪಕ್ಕದಲ್ಲೇ ಹಾದು ಅಲೆ ಎಬ್ಬಿಸಿದರೆ ತೊಂದರೆ ಆಗಬಹುದು. ಲೈಫ್ ಜಾಕೆಟ್ ದೋಣಿಯಲ್ಲಿ ಇರುತ್ತದೆ, ಆದರೆ ಎಷ್ಟೋ ಸಲ ಹಾಸಿಗೆಯ ಕೆಳಗೆ ಸೇರಿಕೊಂಡಿರುತ್ತದೆ. ಹತ್ತಿದ ಕೂಡಲೇ ಕೇಳಿ ಹೊರಗೆ ತೆಗೆಸಿ. ಈಜು ಬರದವರು ಹಾಕಿಕೊಂಡೇ ಕೂತುಕೊಳ್ಳಿ, ನಾಚಿಕೆ ಬೇಡ. ಇನ್ನೊಂದು ಮಾತು. ದೋಣಿ ದಿಕ್ಕು ಬದಲಿಸುವಾಗ ಹಾಯಿಯ ಕೆಳಗಿನ ಉದ್ದ ಕಂಬ ಈ ಕಡೆಯಿಂದ ಆ ಕಡೆಗೆ ಬರುತ್ತದೆ. ದೋಣಿ ನಡೆಸುವವನನ್ನು ಅಲ್ಲಿ ರಾಯಿಸ್ ಅಂತಾರೆ. ಅವನು ಕೂಗಿದಾಗ ಫೋಟೋ ತೆಗೆಯುತ್ತಾ ನಿಂತಿರಬಾರದು. ಕೂತುಬಿಡಬೇಕು. ದೋಣಿಯಲ್ಲಿ ನಾನು ಕಂಡ ಪೆಟ್ಟುಗಳು ಹೆಚ್ಚಿನವು ಹೀಗೇ ಆದವು, ಇಲ್ಲವೇ ಇಳಿಯುವಾಗ ಕಾಲು ಜಾರಿ ಆದವು.

ಇನ್ನು ಮಗಳ ಆಸೆ. ಅವಳು ಹೇಳುವುದರಲ್ಲಿ ನಿಜ ಇದೆ. ಇಂಜಿನ್ ಇಲ್ಲದ ದೋಣಿಯಲ್ಲಿ ಹೊಳೆಯ ಸದ್ದು ಕೇಳಿಸುತ್ತದೆ. ದಡದಲ್ಲಿ ಕತ್ತೆಯ ಮೇಲೆ ಮೇವು ಹೇರಿಕೊಂಡು ಹೋಗುವ ಹುಡುಗನ ಮಾತೂ ಕೇಳಿಸುತ್ತದೆ. ಆದರೆ ರೀಲ್ಸ್‌ನಲ್ಲಿ ತೋರಿಸದ ಒಂದು ವಿಷಯ ಅವಳಿಗೆ ಗೊತ್ತಿರಬೇಕು. ನೈಲ್ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಗಾಳಿ ವರ್ಷದ ಬಹುಪಾಲು ಅದರ ಎದುರಿಗೆ, ಉತ್ತರದಿಂದ ದಕ್ಷಿಣಕ್ಕೆ ಬೀಸುತ್ತದೆ. ಹಳೇ ಕಾಲದ ಈಜಿಪ್ಟ್ ಬದುಕಿದ್ದೇ ಈ ಏರ್ಪಾಡಿನ ಮೇಲೆ. ದಕ್ಷಿಣಕ್ಕೆ ಹೋಗುವಾಗ ಹಾಯಿ ಬಿಚ್ಚಿದರೆ ಗಾಳಿ ತಳ್ಳುತ್ತಿತ್ತು. ಉತ್ತರಕ್ಕೆ ವಾಪಸ್ ಬರುವಾಗ ಹಾಯಿ ಇಳಿಸಿದರೆ ಹೊಳೆಯೇ ಎಳೆದುಕೊಂಡು ಹೋಗುತ್ತಿತ್ತು. ಅಸ್ವಾನ್‌ನ ಕರಿಕಲ್ಲನ್ನು ಕಡಿದು ಲಕ್ಸರ್‌ನ ಗುಡಿಗಳಿಗೆ ಸಾಗಿಸಿದ್ದು ಈ ಹರಿವಿನ ಬಲದಿಂದಲೇ.

ಈಗಿನ ಫೆಲುಕ್ಕಾ ಪ್ರವಾಸ ಅಸ್ವಾನ್‌ನಿಂದ ಹೊರಡುತ್ತದೆ, ಅಂದರೆ ಹರಿವಿನ ಜೊತೆ ಉತ್ತರಕ್ಕೆ. ಗಾಳಿ ಎದುರು. ಹಾಗಾಗಿ ದೋಣಿ ನೇರ ಹೋಗಲ್ಲ. ಈ ದಡದಿಂದ ಆ ದಡಕ್ಕೆ, ಆ ದಡದಿಂದ ಈ ದಡಕ್ಕೆ ಓರೆಯಾಗಿ ಹಾಯುತ್ತಾ ಮುಂದೆ ಸಾಗುತ್ತದೆ. ನೋಡಲು ಸೊಗಸು, ದೂರ ಮಾತ್ರ ಕರಗಲ್ಲ. ಅಸ್ವಾನ್‌ನಿಂದ ಕೋಮ್ ಒಂಬೋಗೆ ಸುಮಾರು 45-50 ಕಿಲೋಮೀಟರ್. ಒಂದು ರಾತ್ರಿಯ ಪ್ರವಾಸದಲ್ಲಿ ಅದರ ಹತ್ತಿರ ಹೋದರೆ ಸಾಕು ಅನ್ನಬೇಕು. ಎರಡು ಮೂರು ರಾತ್ರಿ ಕಳೆದರೆ ಇನ್ನೂ ಮುಂದಿನ ಎಡ್ಫು ಅನ್ನುವ ಊರಿನ ಕಡೆ ಹೋಗಬಹುದು, ಅದೂ ಗಾಳಿ ಒಪ್ಪಿದರೆ. ಗಾಳಿ ಪೂರ್ತಿ ನಿಂತ ದಿನ ಸುಮ್ನೆ ತೇಲುತ್ತಾ ಕೂತಿರಬೇಕು, ಇಲ್ಲವೇ ಮೋಟಾರು ದೋಣಿ ಬಂದು ಹಗ್ಗ ಕಟ್ಟಿ ಎಳೆಯಬೇಕು. ಲಕ್ಸರ್‌ವರೆಗೆ ಹಾಯಿದೋಣಿಯಲ್ಲೇ ಬರುತ್ತೇವೆ ಅಂದುಕೊಂಡಿದ್ದರೆ ಅದನ್ನು ಈಗಲೇ ಬಿಡಿ. ಅರ್ಧ ದಾರಿಯಲ್ಲಿ ಇಳಿಸಿ ಕಾರಿನಲ್ಲಿ ಕರೆದುಕೊಂಡು ಹೋಗುವುದೇ ರೂಢಿ. "ಅಸ್ವಾನ್‌ನಿಂದ ಲಕ್ಸರ್‌ಗೆ ಫೆಲುಕ್ಕಾ" ಅಂತ ಯಾರಾದರೂ ಜಾಹೀರಾತು ಕೊಟ್ಟಿದ್ದರೆ, ಎಷ್ಟು ದೂರ ನೀರು, ಎಷ್ಟು ದೂರ ರಸ್ತೆ ಅಂತ ಬರವಣಿಗೆಯಲ್ಲಿ ಕೇಳಿ.

ಈಗ ರಾತ್ರಿಯ ವಿಷಯ. ಇದನ್ನು ಬಿಡಿಸಿ ಹೇಳದಿದ್ದರೆ ನಾನು ನಿಮಗೆ ಅನ್ಯಾಯ ಮಾಡಿದ ಹಾಗೆ.

ಡಿಸೆಂಬರ್ ಕೊನೆಯಲ್ಲಿ ಅಸ್ವಾನ್‌ನಲ್ಲಿ ಸಂಜೆ 5ರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಕತ್ತಲಾದ ಮೇಲೆ ಫೆಲುಕ್ಕಾ ಓಡಿಸುವುದಿಲ್ಲ, ದಡಕ್ಕೆ ಕಟ್ಟುತ್ತಾರೆ. ಬೆಳಕು ಹರಿಯುವುದು ಆರೂವರೆ ಸುಮಾರಿಗೆ. ಅಂದರೆ ಹದಿಮೂರು ತಾಸು ಕತ್ತಲು. ಕೋಣೆ ಇಲ್ಲ. ದೋಣಿಯ ಹಲಗೆ ಮೇಲೆ ಒಂದೇ ದೊಡ್ಡ ಹಾಸಿಗೆ ಹಾಸಿರುತ್ತಾರೆ. ಹಗಲು ಅದರ ಮೇಲೇ ಕೂರುವುದು, ಊಟ, ಹರಟೆ. ರಾತ್ರಿ ಅದರ ಮೇಲೇ ಎಲ್ಲರೂ ಸಾಲಾಗಿ ಮಲಗುವುದು. ಗಾಳಿಗೆ ಸುತ್ತಲೂ ದಪ್ಪ ಬಟ್ಟೆ ಇಳಿಬಿಡುತ್ತಾರೆ. ಚಳಿ 10 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ನಮ್ಮ ಕಡೆಯ ಚಳಿ ಲೆಕ್ಕ ಹಾಕಿಕೊಂಡು ಒಂದು ಶಾಲು ಇಟ್ಟುಕೊಂಡು ಹೋದವರು ನೀರಿನ ಮೇಲಿನ ತಂಪಿಗೆ ನಿದ್ದೆಯಿಲ್ಲದೆ ಬೆಳಗು ಮಾಡಿದ್ದನ್ನು ನೋಡಿದ್ದೇನೆ.

ದೋಣಿಯಲ್ಲಿ ಟಾಯ್ಲೆಟ್ ಇರುವುದಿಲ್ಲ. ಗುಂಪು ದೊಡ್ಡದಿದ್ದರೆ ಕೆಲವು ಕಂಪನಿಯವರು ಟಾಯ್ಲೆಟ್ ಇರುವ ಇನ್ನೊಂದು ಮೋಟಾರು ದೋಣಿಯನ್ನು ಹಿಂದೆ ಕಳಿಸುತ್ತಾರೆ. ಇಲ್ಲದಿದ್ದರೆ ದಡಕ್ಕೆ ಇಳಿದು ಪೊದೆ ಹುಡುಕಬೇಕು. ಇಳಿಯುವುದು ಹೇಗೆ? ದೋಣಿಯ ಮೂತಿಯಿಂದ ದಡಕ್ಕೆ ಒಂದು ಹಲಗೆ ಹಾಕಿರುತ್ತಾರೆ. ಅಗಲ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಹಿಡಿದುಕೊಳ್ಳಲು ಏನೂ ಇರಲ್ಲ. ಹಗಲಿನಲ್ಲಾದರೆ ದೋಣಿಯ ಹುಡುಗನೊಬ್ಬ ಕೆಳಗೆ ನಿಂತು ಉದ್ದ ಕೋಲಿನ ಒಂದು ತುದಿ ಹಿಡಿಯುತ್ತಾನೆ, ಅದನ್ನೇ ಕಂಬಿ ಮಾಡಿಕೊಂಡು ನಡೆಯಬೇಕು. ಆಮೇಲೆ ಜಾರುವ ಮಣ್ಣಿನ ದಂಡೆ ಹತ್ತಬೇಕು. ಈಗ ನಡುರಾತ್ರಿ ಎರಡು ಗಂಟೆಗೆ, ಮೊಬೈಲ್ ಟಾರ್ಚ್ ಹಿಡಿದುಕೊಂಡು, ನಿದ್ದೆಗಣ್ಣಿನಲ್ಲಿ ಯಜಮಾನ್ರು ಮೂರು ಸಲ ಇದನ್ನು ಮಾಡಬೇಕು. ಶುಗರ್ ಇರುವವರ ಕಾಲಿಗೆ ಕತ್ತಲಲ್ಲಿ ಮುಳ್ಳೋ ಗಾಜೋ ಚುಚ್ಚಿದರೆ ಗೊತ್ತೇ ಆಗದೆ ಹೋಗಬಹುದು, ಗಾಯ ಬೇಗ ಮಾಯುವುದೂ ಇಲ್ಲ. ಅಕ್ಕನವರ ಮಾತು ಇನ್ನೂ ನೇರ. ಮಂಡಿ ಬದಲಿಸಿದವರು ನೆಲಕ್ಕೆ ಕೂತು ಏಳುವುದೇ ಕಷ್ಟ, ದೋಣಿಯಲ್ಲಿ ಇಡೀ ದಿನ ಅದೇ ಕೆಲಸ. ಈ ಕಾರಣಕ್ಕೇ ನಾನು ಹಿರಿಯರಿಗೆ ಫೆಲುಕ್ಕಾದಲ್ಲಿ ರಾತ್ರಿ ಕಳೆಯಲು ಹೇಳುವುದಿಲ್ಲ. ಸಿಂಧನೂರು ಕಡೆಯ ಒಬ್ಬ ಹಿರಿಯರು ರಾತ್ರಿ ಏಳುವುದು ಬೇಡ ಅಂತ ಮಧ್ಯಾಹ್ನದಿಂದ ನೀರೇ ಕುಡಿಯದೆ ಕೂತರು, ಮಾರನೇ ದಿನ ತಲೆ ಸುತ್ತಿ ಬಿದ್ದರು. ಗುಡಿ ನೋಡುವ ದಿನ ಕ್ಲಿನಿಕ್ಕಿನಲ್ಲಿ ಕಳೆಯಿತು.

ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಡಗಿನ ಕೋಣೆಯಲ್ಲಿ ಸಾಮಾನ್ಯವಾಗಿ ಸಣ್ಣ ಫ್ರಿಡ್ಜ್ ಇರುತ್ತದೆ. ಫೆಲುಕ್ಕಾದಲ್ಲಿ ಐಸ್ ಪೆಟ್ಟಿಗೆ ಮಾತ್ರ, ಅದರಲ್ಲಿ ಐಸ್ ಎಷ್ಟು ಹೊತ್ತು ಇರುತ್ತದೆ ಅನ್ನುವ ಭರವಸೆ ಇಲ್ಲ.

ಹಾಗಾದರೆ ಕ್ರೂಸ್ ನಿಜವಾಗಿ ನೀರಿನ ಮೇಲಿನ ಲಾಡ್ಜೇ? ಅರ್ಧ ಹೌದು. ಲಕ್ಸರ್‌ನಿಂದ ಅಸ್ವಾನ್‌ಗೆ ಸುಮಾರು 215 ಕಿಲೋಮೀಟರ್. ಹಡಗಿನವರು ಇದಕ್ಕೆ ನಾಲ್ಕು ರಾತ್ರಿ ತೆಗೆದುಕೊಳ್ಳುತ್ತಾರೆ, ಅಸ್ವಾನ್‌ನಿಂದ ವಾಪಸ್ಸಾದರೆ ಮೂರು ರಾತ್ರಿ. ಆದರೆ ಹಡಗು ನಿಜವಾಗಿ ಓಡುವ ಹೊತ್ತನ್ನೆಲ್ಲ ಕೂಡಿಸಿದರೂ ಒಂದು ಪೂರ್ತಿ ದಿನ ಆಗಲ್ಲ. ಉಳಿದ ಹೊತ್ತು ದಡದ ಕಟ್ಟೆಗೆ ಕಟ್ಟಿಕೊಂಡು ನಿಂತಿರುತ್ತದೆ, ನೀವು ಇಳಿದು ಗುಡಿ ನೋಡಿ ಬರುತ್ತೀರಿ. ಓಡುವುದರಲ್ಲೂ ಒಂದಿಷ್ಟು ರಾತ್ರಿಯೇ ಓಡುತ್ತದೆ.

ನಿಂತಾಗ ಏನಾಗುತ್ತದೆ ಅನ್ನುವುದನ್ನು ಬ್ರೋಷರ್‌ನಲ್ಲಿ ಹಾಕಲ್ಲ. ಲಕ್ಸರ್, ಅಸ್ವಾನ್ ಎರಡೂ ಕಡೆ ಹಡಗು ಜಾಸ್ತಿ, ಕಟ್ಟೆಯ ಜಾಗ ಕಡಿಮೆ. ಹಾಗಾಗಿ ಒಂದಕ್ಕೊಂದು ಒತ್ತಿ ನಾಲ್ಕೈದು ಹಡಗು ಕಟ್ಟುತ್ತಾರೆ. ನಿಮ್ಮದು ಹೊರಗಿನದಾದರೆ ಮೊದಲ ಹಡಗಿನ ಲಾಬಿ, ಎರಡನೆಯದರ ಲಾಬಿ ಅಂತ ದಾಟುತ್ತಾ ಹೋಗಬೇಕು. ಎರಡು ಹಡಗಿನ ನಡುವೆ ಸಣ್ಣ ಸೇತುವೆ, ಅದಕ್ಕೆ ಕಂಬಿ ಇರುತ್ತದೆ, ಸಿಬ್ಬಂದಿ ಕೈ ಹಿಡಿಯುತ್ತಾರೆ. ಕಿಟಕಿ ಪರದೆ ಸರಿಸಿದರೆ ಎದುರಿಗೆ ಹೊಳೆ ಇರಲ್ಲ, ಪಕ್ಕದ ಹಡಗಿನವರು ಹಲ್ಲುಜ್ಜುವುದು ಕಾಣುತ್ತದೆ. ಜನರೇಟರ್ ಸದ್ದು, ಡೀಸೆಲ್ ವಾಸನೆ ಇದ್ದೇ ಇರುತ್ತದೆ. ಮಗಳು ಬೇಜಾರಾಗುವುದು ಇಲ್ಲೇ.

ಉಳಿದ ಅರ್ಧವನ್ನು ಅವಳು ಇನ್ನೂ ನೋಡಿಲ್ಲ. ಎಡ್ಫು ಬಿಟ್ಟು ಕೋಮ್ ಒಂಬೋ ಕಡೆಗೆ ಹಡಗು ಸಾಮಾನ್ಯವಾಗಿ ಹಗಲಿನಲ್ಲೇ ಸಾಗುತ್ತದೆ. ಆ ಮೂರು ನಾಲ್ಕು ತಾಸು ಕೋಣೆಯಲ್ಲಿ ಮಲಗಬೇಡಿ, ಎಲ್ಲರೂ ಮೇಲಿನ ಡೆಕ್‌ಗೆ ಹೋಗಿ ಕೂರಿ. ಎರಡೂ ಕಡೆ ಒಂದು ಪಟ್ಟಿಯಷ್ಟು ಹಸಿರು. ಕಬ್ಬು, ಖರ್ಜೂರದ ಮರ, ನೀರಿಗೆ ಇಳಿದ ಎಮ್ಮೆ, ಬೆಳ್ಳಕ್ಕಿ. ಅದರ ಹಿಂದೆ ಕೂಡಲೇ ಬರೀ ಮರಳು ಗುಡ್ಡ. ಕಾಲುವೆ ನೀರು ಮುಟ್ಟಿದಲ್ಲಿ ಭತ್ತ, ಅದರಾಚೆ ಒಣಭೂಮಿ ಅನ್ನುವುದನ್ನು ನೋಡಿಕೊಂಡೇ ಬೆಳೆದ ಗಂಗಾವತಿಯವರಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಇನ್ನು ಎಸ್ನಾ ಅನ್ನುವ ಊರಲ್ಲಿ ನದಿಗೆ ಅಡ್ಡಗಟ್ಟೆ ಇದೆ. ಹಡಗನ್ನು ಒಂದು ಕಾಂಕ್ರೀಟ್ ಕೋಣೆಯೊಳಗೆ ನಿಲ್ಲಿಸಿ, ಬಾಗಿಲು ಮುಚ್ಚಿ, ನೀರು ತುಂಬಿ ಮೇಲಕ್ಕೆ ಏರಿಸುತ್ತಾರೆ. ಸರದಿ ಕಾಯುವಾಗ ವ್ಯಾಪಾರಿಗಳು ಸಣ್ಣ ದೋಣಿಗಳಲ್ಲಿ ಬಂದು ಹಡಗಿಗೆ ಹಗ್ಗ ಕಟ್ಟಿಕೊಳ್ಳುತ್ತಾರೆ. ಮೇಜಿನ ಬಟ್ಟೆ, ಉದ್ದ ನಿಲುವಂಗಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೆಳಗಿನಿಂದ ಡೆಕ್‌ಗೆ ಗುರಿಯಿಟ್ಟು ಎಸೆಯುತ್ತಾರೆ. ಚೌಕಾಸಿ ಕೂಗಿಕೊಂಡೇ ನಡೆಯುತ್ತದೆ. ಬೇಡವಾದರೆ ಚೀಲ ವಾಪಸ್ ಎಸೆಯಬೇಕು, ಬೇಕಾದರೆ ಅದೇ ಚೀಲದಲ್ಲಿ ದುಡ್ಡು ಇಟ್ಟು ಎಸೆಯಬೇಕು. ಮೂರು ಅಂತಸ್ತು ಎತ್ತರದಲ್ಲಿ ನಿಂತು ಈ ವ್ಯಾಪಾರ ಮಾಡುವುದು ನಿಮ್ಮ ಮಗಳಿಗೆ ಖಂಡಿತ ಇಷ್ಟವಾಗುತ್ತದೆ.

ಹಡಗನ್ನು ಆರಿಸುವಾಗ ಐದು ಸ್ಟಾರ್ ಅನ್ನುವ ಮಾತಿಗೆ ಮರುಳಾಗಬೇಡಿ. ಆ ಸ್ಟಾರ್ ಅಲ್ಲಿನ ಲೆಕ್ಕದ್ದು, ಒಂದೇ ಸ್ಟಾರ್ ಇರುವ ಎರಡು ಹಡಗುಗಳ ನಡುವೆ ಆಕಾಶ ಭೂಮಿ ವ್ಯತ್ಯಾಸ ಇರಬಹುದು. ನಿಮಗೆ ಬೇಕಾದ್ದು ಬೇರೆ. ಲಿಫ್ಟ್ ಇದೆಯಾ? ಬಹಳ ಹಡಗುಗಳಲ್ಲಿ ಇರಲ್ಲ. ಇಲ್ಲದಿದ್ದರೆ ಅಕ್ಕನವರಿಗೆ ರಿಸೆಪ್ಷನ್ ಇರುವ ಅಂತಸ್ತಿನಲ್ಲೇ ಕೋಣೆ ಕೊಡುತ್ತಾರಾ? ಸ್ನಾನದ ಮನೆಯಲ್ಲಿ ಬಾತ್‌ಟಬ್ ಇದೆಯಾ, ನಿಂತು ಸ್ನಾನ ಮಾಡುವ ಜಾಗವಾ? ಟಬ್ಬಿನ ಅಂಚು ದಾಟುವುದು ಮಂಡಿ ಆಪರೇಷನ್ ಆದವರಿಗೆ ದೊಡ್ಡ ತೊಂದರೆ, ಇದನ್ನು ಮೊದಲೇ ಯಾರೂ ಕೇಳಲ್ಲ. ತೀರಾ ಕೆಳಗಿನ ಅಂತಸ್ತಿನ ಕೋಣೆ ಬೇಡ, ಕಿಟಕಿ ನೀರಿನ ಮಟ್ಟಕ್ಕೆ ಇರುತ್ತದೆ. ಹಿಂಭಾಗದ ಕೋಣೆಯೂ ಬೇಡ, ಇಂಜಿನ್ ಅಲ್ಲೇ. ಹತ್ತಿದ ದಿನವೇ ಲೈಫ್ ಜಾಕೆಟ್ ಎಲ್ಲಿದೆ, ಬೆಂಕಿ ಬಿದ್ದರೆ ಹೊರಗೆ ಹೋಗುವ ದಾರಿ ಯಾವುದು ಅಂತ ನಡೆದುಕೊಂಡು ಹೋಗಿ ನೋಡಿಬಿಡಿ. ಹಡಗಿನಲ್ಲಿ ಮುಳುಗುವುದಕ್ಕಿಂತ ಬೆಂಕಿಯ ಬಗ್ಗೆ ಎಚ್ಚರ ಇರಬೇಕು.

ಚಳಿಗಾಲದಲ್ಲಿ ಇನ್ನೊಂದು ವಿಷಯ ಇದೆ. ಆಗ ಕಾಲುವೆಗಳ ದುರಸ್ತಿ ನಡೆಯುತ್ತದೆ, ಅಣೆಕಟ್ಟಿನಿಂದ ನೀರು ಬಿಡುವುದು ಕಡಿಮೆ ಮಾಡುತ್ತಾರೆ. ಎಸ್ನಾದ ಆ ನೀರಿನ ಕೋಣೆಯನ್ನೂ ಕೆಲವು ಸಲ ದುರಸ್ತಿಗೆ ಮುಚ್ಚುತ್ತಾರೆ. ಆಗ ಹಡಗು ಒಂದು ಕಡೆ ನಿಂತು, ಉಳಿದ ದಾರಿಗೆ ಬಸ್ ಹತ್ತಿಸುತ್ತಾರೆ. ನಿಮ್ಮ ತಾರೀಕಿಗೆ ಹೀಗಿದೆಯಾ ಅಂತ ದುಡ್ಡು ಕಟ್ಟುವ ಮೊದಲೇ ಕೇಳಿ. ಕ್ರಿಸ್ಮಸ್, ಹೊಸ ವರ್ಷದ ವಾರ ಬೆಲೆಯೂ ಜಾಸ್ತಿ, ಗುಡಿಗಳಲ್ಲಿ ಜನವೂ ಜಾಸ್ತಿ. ತಾರೀಕು ಜನವರಿ ಮಧ್ಯಕ್ಕೆ ದೂಡಲು ಆದರೆ ದೂಡಿ.

ಎರಡರ ನಡುವೆ ಮೂರನೆಯದೊಂದಿದೆ, ದಹಬಿಯಾ. ಇದೂ ಹಾಯಿಯ ದೋಣಿಯೇ, ಆದರೆ ದೊಡ್ಡದು. ಎರಡು ಹಾಯಿ, ಆರರಿಂದ ಹತ್ತು ಕೋಣೆ, ಪ್ರತಿ ಕೋಣೆಗೂ ಟಾಯ್ಲೆಟ್. ಸಾಮಾನ್ಯವಾಗಿ ಎಸ್ನಾದಿಂದ ಅಸ್ವಾನ್ ಕಡೆ, ಗಾಳಿಯ ದಿಕ್ಕಿನಲ್ಲಿ ಹೋಗುತ್ತದೆ. ಗಾಳಿ ಇಲ್ಲದಾಗ ಸಣ್ಣ ಇಂಜಿನ್ ದೋಣಿ ಎಳೆಯುತ್ತದೆ. ದೊಡ್ಡ ಹಡಗು ನಿಲ್ಲಿಸದ ಕಡೆ ಇದು ನಿಲ್ಲುತ್ತದೆ. ಗೆಬೆಲ್ ಅಲ್ ಸಿಲ್ಸಿಲಾ ಅಂಥದೊಂದು ಜಾಗ. ಹಳೇ ಈಜಿಪ್ಟಿನ ಗುಡಿಗಳಿಗೆ ಮರಳುಗಲ್ಲು ಕಡಿದ ಕ್ವಾರಿ ಅದು, ಬಂಡೆಯ ಮೇಲೆ ಉಳಿಯ ಗುರುತು ಈಗಲೂ ಸಾಲು ಸಾಲಾಗಿವೆ. ನನಗೆ ತುಂಬಾ ಇಷ್ಟದ ಜಾಗ. ಬೆಲೆ ಸಾಮಾನ್ಯ ಕ್ರೂಸ್‌ಗಿಂತ ಜಾಸ್ತಿ. ನಿಮ್ಮ ಖರ್ಚಿಗೆ ಹೊಂದಬಹುದು. ಆದರೆ ಇದೂ ಹೊಲದ ಬದುವಿನಂಥ ದಡಕ್ಕೆ ನಿಲ್ಲುತ್ತದೆ, ಹಲಗೆ ಮೇಲೆಯೇ ಇಳಿಯಬೇಕು, ಲಿಫ್ಟ್ ಇಲ್ಲ. ಅಕ್ಕನವರು ಬರದೇ ಇದ್ದಿದ್ದರೆ ನಾನು ಕಣ್ಣು ಮುಚ್ಚಿ ದಹಬಿಯಾ ಅನ್ನುತ್ತಿದ್ದೆ. ಅವರು ಕೈ ಹಿಡಿದರೆ ಹಲಗೆ ದಾಟುತ್ತಾರಾ, ಹತ್ತು ಹೆಜ್ಜೆ ಏರು ಹತ್ತುತ್ತಾರಾ ಅನ್ನುವುದು ನಿಮಗೇ ಗೊತ್ತು. ಆಗಲ್ಲ ಅಂದರೆ ಕ್ರೂಸ್.

ಊಟದ ಚಿಂತೆ ನೀವು ಅಂದುಕೊಂಡಷ್ಟು ಇಲ್ಲ. ಈಜಿಪ್ಟಿನ ಜನಸಾಮಾನ್ಯರ ತಿಂಡಿಯೇ ಅವರೆ ಜಾತಿಯ ದಪ್ಪ ಕಾಳನ್ನು ಬೇಯಿಸಿ ಮಸೆದ ಫೂಲ್, ಅದೇ ಕಾಳು ರುಬ್ಬಿ ಕರಿದ ತಾಮಿಯಾ. ಅನ್ನ, ಮ್ಯಾಕರೋನಿ, ಮಸೂರ, ಕಡಲೆ, ಟೊಮೆಟೊ ಗೊಜ್ಜು ಕಲಸಿದ ಕೊಶರಿ ಎಲ್ಲ ಕಡೆ ಸಿಗುತ್ತದೆ, ಶುಗರ್ ಇರುವವರು ಮಾತ್ರ ಅಳತೆ ನೋಡಿ ತಿನ್ನಬೇಕು. ಅಸ್ವಾನ್‌ನಲ್ಲಿ ಕರ್ಕಡೆ ಅನ್ನುವ ಕೆಂಪು ಪಾನಕ ಕೊಡುತ್ತಾರೆ. ನಮ್ಮ ಪುಂಡಿ ಜಾತಿಯ ಗಿಡದ ಹೂವಿನ ಬುಡದಲ್ಲಿರುವ ದಪ್ಪ ಕೆಂಪು ಕವಚದಿಂದ ಮಾಡುವುದು, ಅದೇ ಹುಳಿ. ಸಕ್ಕರೆ ಹಾಕದೆ ಕೊಡಿ ಅಂತ ಮೊದಲೇ ಹೇಳಿ. ಸಮಸ್ಯೆ ಇರುವುದು ಸೂಪು, ಅನ್ನ, ಸೊಪ್ಪಿನ ಸಾರುಗಳಲ್ಲಿ, ಕೋಳಿ ಬೇಯಿಸಿದ ನೀರು ಹಾಕಿರುತ್ತಾರೆ. "ವೆಜಿಟೇರಿಯನ್" ಅಂದರೆ ತುಂಡು ತೆಗೆದು ಕೊಟ್ಟರೆ ಸಾಕು ಅಂದುಕೊಳ್ಳುವವರಿದ್ದಾರೆ. "ಸಿಯಾಮಿ" ಅಂತ ಹೇಳಿ. ಅಲ್ಲಿನ ಕಾಪ್ಟಿಕ್ ಕ್ರೈಸ್ತರು ಉಪವಾಸದಲ್ಲಿ ಮಾಂಸ, ಹಾಲು, ಮೊಟ್ಟೆ ಬಿಡುತ್ತಾರೆ, ಆ ಅಡುಗೆಯನ್ನು ಹಾಗೆ ಕರೆಯುತ್ತಾರೆ. ಅವರ ಕ್ರಿಸ್ಮಸ್ ಜನವರಿ 7ಕ್ಕೆ. ಅದರ ಹಿಂದಿನ ವಾರಗಳಲ್ಲೇ ನೀವು ಹೋಗುವುದರಿಂದ ಅಡುಗೆಯವರಿಗೆ ಕೂಡಲೇ ಅರ್ಥವಾಗುತ್ತದೆ. ಆ ಉಪವಾಸದಲ್ಲಿ ಮೀನು ನಡೆಯುತ್ತದೆ, ಹಾಗಾಗಿ ಮೀನೂ ಬೇಡ ಅಂತ ಸೇರಿಸಿ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಹೇಗೂ ಕಟ್ಟಿಕೊಂಡು ಹೋಗುತ್ತೀರಿ, ಅಲ್ವಾ? ಒಳ್ಳೆಯದೇ, ಹೊಟ್ಟೆ ಕೆಟ್ಟ ದಿನ ಅದೇ ಕಾಪಾಡುತ್ತದೆ. ಓಆರ್‌ಎಸ್ ಪೊಟ್ಟಣವೂ ಇರಲಿ. ನೀರು ಸೀಲ್ ಇರುವ ಬಾಟಲಿಯದೇ ಕುಡಿಯಿರಿ.

ಮಗಳು ಅಳಿಯನಿಗೆ ಒಂದು ಮಾತು. ದೋಣಿಯ ಹುಡುಗರು "ಬನ್ನಿ, ಇಳಿದು ಈಜಿ" ಅಂತ ಕರೆಯುತ್ತಾರೆ, ಅವರು ದಿನಾ ಇಳಿಯುತ್ತಾರೆ. ನೀವು ಇಳಿಯಬೇಡಿ. ಬಿಲ್ಹಾರ್ಜಿಯಾ ಅನ್ನುವ ಕಾಯಿಲೆ ನೈಲ್ ಬಯಲಿಗೆ ಬಹಳ ಹಳೆಯದು. ಒಂದು ಜಾತಿಯ ಜಂತು ಸಿಹಿನೀರಿನ ಬಸವನಹುಳುವಿನೊಳಗೆ ಬೆಳೆದು ನೀರಿಗೆ ಬರುತ್ತದೆ, ಚರ್ಮದ ಮೂಲಕವೇ ಮೈಯೊಳಗೆ ಹೋಗುತ್ತದೆ. ಕುಡಿಯಬೇಕಂತಿಲ್ಲ, ಕಾಲಿಟ್ಟರೂ ಸಾಕು. ಈಜಿಪ್ಟ್ ಇದನ್ನು ತುಂಬಾ ಕಡಿಮೆ ಮಾಡಿದೆ, ಹೊಳೆಯ ನಡುವಿಗಿಂತ ದಡದ ನಿಂತ ನೀರಿನಲ್ಲಿ ಅಪಾಯ ಜಾಸ್ತಿ. ಆದರೂ ನೀರಿಗೆ ಇಳಿದಿದ್ದರೆ ಊರಿಗೆ ಬಂದ ಮೇಲೆ ಡಾಕ್ಟರಿಗೆ ಅದನ್ನು ಬಾಯಿಬಿಟ್ಟು ಹೇಳಬೇಕು. ನಮ್ಮ ಕಡೆ ಈ ಕಾಯಿಲೆ ಇಲ್ಲದ ಕಾರಣ ಅವರಾಗಿ ಯೋಚಿಸುವುದು ಕಷ್ಟ. ಪರೀಕ್ಷೆ ಇದೆ, ಮಾತ್ರೆಯೂ ಇದೆ. ಅಳಿಯನ ಹತ್ತಿರ ಡ್ರೋನ್ ಇದ್ದರೆ ಮನೆಯಲ್ಲೇ ಇಡಲಿ. ಅನುಮತಿ ಇಲ್ಲದೆ ಅಲ್ಲಿಗೆ ತರುವಂತಿಲ್ಲ.

ಅಕ್ಕನವರ ಮಾತ್ರೆ ಚೀಟಿಯನ್ನೂ ಒಮ್ಮೆ ನೋಡಿ. ಆಪರೇಷನ್ ಆದವರಿಗೆ ನೋವಿಗೆ ಕೆಲವು ಸಲ ಟ್ರಾಮಡಾಲ್ ಇರುವ ಮಾತ್ರೆ ಬರೆದಿರುತ್ತಾರೆ. ಈಜಿಪ್ಟಿನಲ್ಲಿ ಅದಕ್ಕೆ ಕಟ್ಟುನಿಟ್ಟಾದ ಕಾನೂನಿದೆ, ಪ್ರವಾಸಿಗರು ಅದನ್ನು ತಂದು ಜೈಲಿಗೆ ಹೋದದ್ದೂ ಇದೆ. ಡಾಕ್ಟರಿಗೆ ಹೇಳಿ ಬೇರೆ ಮಾತ್ರೆ ಬರೆಸಿಕೊಳ್ಳಿ.

ಈಗ ನಾನಾಗಿದ್ದರೆ ನಿಮ್ಮ ಪ್ರವಾಸವನ್ನು ಹೇಗೆ ಹೊಂದಿಸುತ್ತಿದ್ದೆ ಅಂತ ಹೇಳುತ್ತೇನೆ. ಲಕ್ಸರ್‌ನಿಂದ ಅಸ್ವಾನ್‌ಗೆ ನಾಲ್ಕು ರಾತ್ರಿಯ ಕ್ರೂಸ್, ಐದೂ ಜನ. ಮೂರು ರಾತ್ರಿಯದು ಅಗ್ಗ, ಆದರೆ ಓಟ ಜಾಸ್ತಿ, ಅಕ್ಕನವರಿಗೆ ನಡುವೆ ಬಿಡುವು ಬೇಕು. ಎಡ್ಫುದಲ್ಲಿ ಗುಡಿಗೆ ಕುದುರೆಗಾಡಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ಅದಕ್ಕೆ ಹತ್ತುವುದು ಎತ್ತರ, ಕುಲುಕಾಟವೂ ಜೋರು. ಅವರಿಗೆ ಕಾರು ಬೇಕು ಅಂತ ಮೊದಲೇ ಬರೆಸಿ. ಅಸ್ವಾನ್‌ನಲ್ಲಿ ಹಡಗು ಇಳಿದ ಮೇಲೆ ಎರಡು ರಾತ್ರಿ ಹೋಟೆಲ್. ಮೊದಲ ದಿನ ಮಧ್ಯಾಹ್ನ ಮೂರಕ್ಕೆ ಒಂದು ಫೆಲುಕ್ಕಾ ನಿಮ್ಮ ಕುಟುಂಬಕ್ಕೆ ಮಾತ್ರ ಗೊತ್ತು ಮಾಡಿ. ಪ್ಯಾಕೇಜಿನಲ್ಲಿ ಕೊಡುವ ಅರ್ಧ ಮುಕ್ಕಾಲು ಗಂಟೆಯದು ಸಾಲದು, ಎರಡು ತಾಸು ಬೇಕು ಅಂತ ಹೇಳಿ. ಮಧ್ಯಾಹ್ನದ ಮೇಲೆ ಗಾಳಿ ಚೆನ್ನಾಗಿರುತ್ತದೆ. ಎಲಿಫಂಟೈನ್ ದ್ವೀಪ ಸುತ್ತಿ, ಬಂಡೆಗಳ ನಡುವೆ ಹಾದು, ಸೂರ್ಯ ಮುಳುಗುವ ಹೊತ್ತಿಗೆ ವಾಪಸ್. ಮೆಟ್ಟಿಲು, ಕಂಬಿ ಇರುವ ಕಟ್ಟೆಯಿಂದಲೇ ಹತ್ತಿಸಬೇಕು ಅಂತ ಷರತ್ತು ಹಾಕಿ, ಅಸ್ವಾನ್‌ನಲ್ಲಿ ಅಂಥ ಕಟ್ಟೆಗಳಿವೆ. ದೋಣಿಯ ಅಂಚಿಗೆ ಬೆಂಚಿನಂತೆ ಕೂರುವ ಜಾಗ ಇರುವುದನ್ನೇ ಆರಿಸಿದರೆ ಅಕ್ಕನವರು ನೆಲಕ್ಕೆ ಕೂರಬೇಕಿಲ್ಲ. ಎರಡು ತಾಸಿಗೆ ಟಾಯ್ಲೆಟ್ ಪ್ರಶ್ನೆಯೂ ಬರಲ್ಲ.

ಮಾರನೇ ದಿನ ಬೆಳಗ್ಗೆ ಮಗಳು ಅಳಿಯ ತಮ್ಮ ಫೆಲುಕ್ಕಾ ಹತ್ತಲಿ. ಒಂದೇ ರಾತ್ರಿ, ಕೋಮ್ ಒಂಬೋ ದಿಕ್ಕಿಗೆ. ಮುಂದಿನ ದಿನ ಎಲ್ಲಿ ಇಳಿದರೋ ಅಲ್ಲಿಗೆ ಕಾರು ಕಳಿಸಿದರೆ ಒಂದು ಒಂದೂವರೆ ತಾಸಿನಲ್ಲಿ ಅಸ್ವಾನ್‌ಗೆ ಬರುತ್ತಾರೆ. ಪ್ರಯಾಣಿ‌ಕರ ಹೆಸರನ್ನು ಪೊಲೀಸರಲ್ಲಿ ನೋಂದಾಯಿಸಬೇಕಾಗುತ್ತದೆ, ಅದಕ್ಕೆ ರಾಯಿಸ್ ಪಾಸ್‌ಪೋರ್ಟ್ ವಿವರ ಕೇಳುತ್ತಾನೆ, ಗಾಬರಿ ಬೇಡ. ಕೇಳದೆ ಹೊರಡುವವನ ದೋಣಿಯೇ ಬೇಡ. ಸ್ಲೀಪಿಂಗ್ ಬ್ಯಾಗ್, ಉಣ್ಣೆ ಟೋಪಿ, ಹೆಡ್‌ಲ್ಯಾಂಪ್ ಇರಲಿ. ನೀವು ಮೂವರು ಆ ದಿನ ಆರಾಮವಾಗಿ ಎದ್ದು ಫಿಲೇ ಗುಡಿ ನೋಡಿ. ಅಣೆಕಟ್ಟಿನ ನೀರಿನಲ್ಲಿ ಮುಳುಗುತ್ತಿದ್ದ ಆ ಗುಡಿಯನ್ನು 1970ರ ದಶಕದಲ್ಲಿ ಕಲ್ಲು ಕಲ್ಲಾಗಿ ಬಿಚ್ಚಿ ಪಕ್ಕದ ದ್ವೀಪದ ಮೇಲೆ ಮತ್ತೆ ಕಟ್ಟಿದ್ದಾರೆ. ಅಲ್ಲಿಗೆ ಮೋಟಾರು ದೋಣಿಯಲ್ಲೇ ಹೋಗಬೇಕು, ಹತ್ತಿ ಇಳಿಯುವಾಗ ಅಕ್ಕನವರ ಕೈಗೆ ಒಂದು ಊರುಗೋಲು ಕೊಡಿ.

ಬಂಡೆ ಕೊರೆದು ಮಾಡಿದ ಗುಡಿಗಳಿರುವ ಅಬು ಸಿಂಬೆಲ್ ಅಸ್ವಾನ್‌ನಿಂದ ರಸ್ತೆಯಲ್ಲಿ ಸುಮಾರು 280 ಕಿಲೋಮೀಟರ್, ಹೋಗಿ ಬರಲು ಏಳು ತಾಸು ಕಾರಿನಲ್ಲೇ. ಹಿರಿಯರಿಗೆ ವಿಮಾನ ಸಿಕ್ಕರೆ ಮಾತ್ರ ಇಟ್ಟುಕೊಳ್ಳಿ. ದೋಣಿಯವರು, ಹಡಗಿನ ಸಿಬ್ಬಂದಿ ಎಲ್ಲರೂ ಬಕ್ಷೀಸು ನಿರೀಕ್ಷಿಸುತ್ತಾರೆ, ಅವರ ದುಡಿಮೆಯ ದೊಡ್ಡ ಪಾಲು ಅದೇ. ಪ್ಯಾಕೇಜಿನಲ್ಲಿ ಅದು ಸೇರಿದೆಯಾ ಇಲ್ಲವಾ ಕೇಳಿ, ಚಿಲ್ಲರೆ ನೋಟುಗಳನ್ನು ಬೇರೆ ಪರ್ಸಿನಲ್ಲಿ ಇಟ್ಟುಕೊಳ್ಳಿ.

ಏಜೆಂಟರ ಹತ್ತಿರ ಮಾತಾಡುವಾಗ ಹಡಗಿನ ಹೆಸರು ಬರೆದು ಕೊಡಿ ಅನ್ನಿ. "ಇಂಥದ್ದು ಅಥವಾ ಅದಕ್ಕೆ ಸಮಾನವಾದದ್ದು" ಅಂತ ಬರೆದಿದ್ದರೆ ಲಿಫ್ಟ್, ಕೋಣೆಯ ಅಂತಸ್ತು, ಸ್ನಾನದ ಮನೆ ಈ ಮೂರೂ ಸಮಾನವಾಗಿರಬೇಕು ಅಂತ ಅದರ ಕೆಳಗೇ ಸೇರಿಸಿ ಸಹಿ ಹಾಕಿಸಿ. ಒಪ್ಪದಿದ್ದರೆ ಮುಂಗಡ ಕೊಡಬೇಡಿ, ಇನ್ನೊಬ್ಬರನ್ನು ಕೇಳಿ.